ಉಸ್ಮಾನಿಯಾ ಸಿಕ್ಕಾ: ಬೆಳ್ಳಿಯ ಬರದಲ್ಲಿ ಹುಟ್ಟಿದ ನಿಜಾಮರ ಕಾಗದದ ಹಣ

ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳು ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, ಅಲ್ಲಿಯ ಖಜಾನೆಗಳು ನೀಡುತ್ತಿದ್ದ ಮತ್ತು ಸ್ವೀಕರಿಸುತ್ತಿದ್ದ ನೋಟು ದೆಹಲಿಯ ಸರ್ಕಾರದ್ದಲ್ಲ, ನಿಜಾಮರದ್ದು. ಇದರ ಹೆಸರು ಉಸ್ಮಾನಿಯಾ ಸಿಕ್ಕಾ. ಮೊದಲ ಮಹಾಯುದ್ಧದ ಕೊನೆಯ ವರ್ಷವಾದ 1918ರಲ್ಲಿ, ನಾಣ್ಯ ಟಂಕಿಸಲು ಬೆಳ್ಳಿ ಸಾಲದ ಬಿಕ್ಕಟ್ಟಿನಲ್ಲಿ, ಈ ನೋಟು ಜನ್ಮ ತಳೆಯಿತು. ಬೆಳ್ಳಿಯ ಬರ ಎರಡು–ಮೂರು ವರ್ಷಗಳಲ್ಲಿ ತೀರಿತು. ನೋಟು ಮಾತ್ರ ಸಂಸ್ಥಾನಕ್ಕಿಂತಲೂ ಹೆಚ್ಚು ಕಾಲ ಬಾಳಿತು.

ಆರ್ಥಿಕ ಬಿಕ್ಕಟ್ಟಿನಲ್ಲಿ ಒಂದು ಪ್ರದೇಶಕ್ಕೆ ಸೀಮಿತವಾಗಿ ಹೊರಡಿಸುವ ಕಾಗದದ ಹಣ ಇತಿಹಾಸಕ್ಕೆ ಹೊಸದಲ್ಲ. ಮೊದಲ ಮಹಾಯುದ್ಧ ಕಾಲದಿಂದ 1923ರವರೆಗೆ ಜರ್ಮನಿಯ ನಗರಸಭೆಗಳು ಮತ್ತು ಕಾರ್ಖಾನೆಗಳು ಕೂಡ ತಮ್ಮ ತಮ್ಮ ಹೆಸರಿನಲ್ಲಿ ಚಿಲ್ಲರೆ ಚೀಟಿಗಳನ್ನು ಅಚ್ಚು ಹಾಕಿಸಿದವು. ‘ನೋಟ್‌ಗೆಲ್ಡ್’, ಅಂದರೆ ತುರ್ತಿನ ಹಣ, ಎಂಬುದು ಅವುಗಳ ಹೆಸರು. ಎರಡನೇ ಮಹಾಯುದ್ಧದ ದಿನಗಳಲ್ಲಿ ನಾಣ್ಯದ ಕೊರತೆ ನೀಗಿಸಲು ಕಾಠೇವಾಡದ ಹಲವು ಸಣ್ಣ ಸಂಸ್ಥಾನಗಳು ಕಾಸಿನ ಲೆಕ್ಕದ ರಟ್ಟಿನ ಕೂಪನ್ನುಗಳನ್ನು ಹಂಚಿದ್ದವು. ಅವು ಬಂದಷ್ಟೇ ಬೇಗ ಮರೆಯಾದವು. ಹೈದರಾಬಾದಿನ ನೋಟಿನ ಕಥೆ ಬೇರೆ. ಅದಕ್ಕೆ ಕಾನೂನಿನ ಬಲವಿತ್ತು, ಮೀಸಲು ನಿಧಿಯಿತ್ತು ಮತ್ತು ನಿಜಾಮರ ಸಾರ್ವಭೌಮತ್ವದ ಹಂಬಲವೂ ಬೆನ್ನಿಗಿತ್ತು.

ಮೂರು ದಿಕ್ಕಿನಲ್ಲಿ ಬ್ರಿಟಿಷ್ ಸೀಮೆ

ಈ ನಾಲ್ಕು ತಾಲ್ಲೂಕುಗಳ ಭೂಗೋಳವನ್ನು ನೋಡದೆ ಉಸ್ಮಾನಿಯಾ ನೋಟಿನ ತೊಡಕು ಅರ್ಥವಾಗದು. ಪಶ್ಚಿಮಕ್ಕೆ ಗದಗ, ಮುಂಡರಗಿ, ಗಜೇಂದ್ರಗಡಗಳು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿದ್ದವು. ಕುಷ್ಟಗಿಗೆ ಸಮೀಪದ ಇಳಕಲ್ಲು ವಿಜಾಪುರ ಜಿಲ್ಲೆಯಲ್ಲಿತ್ತು. ದಕ್ಷಿಣದಲ್ಲಿ ತುಂಗಭದ್ರೆಯನ್ನು ದಾಟಿದರೆ ಹೊಸಪೇಟೆ, ಕಂಪ್ಲಿ. ಅವು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯ ಊರುಗಳು. ಪೂರ್ವದಲ್ಲಿ ಮಾತ್ರ ಸಿಂಧನೂರು, ಲಿಂಗಸುಗೂರುಗಳ ಕಡೆಗೆ ನಿಜಾಮರ ಸೀಮೆ ಮುಂದುವರಿಯುತ್ತಿತ್ತು. ಆಡಳಿತಕ್ಕೆ ಇವೆಲ್ಲ ರಾಯಚೂರು ಜಿಲ್ಲೆ. ಅದರಲ್ಲಿಯೂ ಕೊಪ್ಪಳ ಮತ್ತು ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಾಗೀರು. ಕುಷ್ಟಗಿ ಮತ್ತು ಗಂಗಾವತಿ ನೇರವಾಗಿ ಸರ್ಕಾರದ ಕೈಕೆಳಗಿದ್ದವು.

ಕಂದಾಯ ಕಟ್ಟುವ ಊರು ಒಂದು ದೊರೆತನದಲ್ಲಿ, ಹತ್ತಿ ಮಾರುವ ಪೇಟೆ ಇನ್ನೊಂದು ದೊರೆತನದಲ್ಲಿ. ಗದಗಿನಿಂದ ಕೊಪ್ಪಳದ ಮೂಲಕ ಹೊಸಪೇಟೆಗೆ ಹೋಗುವ ರೈಲು ಬ್ರಿಟಿಷ್ ಸೀಮೆಯಲ್ಲಿ ಹೊರಟು, ನಿಜಾಮರ ಸೀಮೆಯನ್ನು ಹಾದು, ಮತ್ತೆ ಬ್ರಿಟಿಷ್ ಸೀಮೆಯನ್ನು ಸೇರುತ್ತಿತ್ತು. ಗಡಿ ದಾಟುವ ಸರಕಿಗೆ ಸಂಸ್ಥಾನದ ಸುಂಕವಿತ್ತು. ಅದನ್ನು ವಸೂಲು ಮಾಡುವ ಇಲಾಖೆಗೆ ಕರೋಡಗಿರಿ ಎಂದು ಹೆಸರು. ಸರಕಿನೊಂದಿಗೆ ಹಣವೂ ಗಡಿ ದಾಟಬೇಕಿತ್ತು. ದಾಟಿದ ಕೂಡಲೇ ಅದರ ಬೆಲೆ ಬದಲಾಗುತ್ತಿತ್ತು.

ಬ್ರಿಟಿಷ್ ರೂಪಾಯಿಯನ್ನು ಜನ ‘ಕಲ್ದಾರ’ ಎನ್ನುತ್ತಿದ್ದರು, ಅಂದರೆ ಯಂತ್ರದಲ್ಲಿ ಅಚ್ಚಾದದ್ದು. ನಿಜಾಮರ ರೂಪಾಯಿ ‘ಹಾಲಿ ಸಿಕ್ಕಾ’. ಚಾರ್ ಮಿನಾರ್ ಚಿತ್ರದ ಹಾಲಿ ನಾಣ್ಯವೂ ಇಪ್ಪತ್ತನೆಯ ಶತಮಾನದ ಆರಂಭದಿಂದ ಯಂತ್ರದಲ್ಲಿಯೇ ಅಚ್ಚಾಗುತ್ತಿತ್ತು, ಆದರೆ ಹೆಸರು ಮಾತ್ರ ಕಲ್ದಾರಕ್ಕೇ ಉಳಿಯಿತು. ಅಧಿಕೃತ ವಿನಿಮಯ ದರದಂತೆ 100 ಕಲ್ದಾರ ರೂಪಾಯಿಗೆ 116 ರೂಪಾಯಿ 10 ಆಣೆ 8 ಪೈ ಹಾಲಿ ಕೊಡಬೇಕಿತ್ತು. ಸುಲಭವಾಗಿ ಹೇಳುವುದಾದರೆ 6 ಕಲ್ದಾರಕ್ಕೆ 7 ಹಾಲಿ.

ಈ ಆರು–ಏಳರ ಲೆಕ್ಕ ದರ್ಬಾರಿನ ಕಲ್ಪನೆಯಲ್ಲ, ಬೆಳ್ಳಿಯ ತೂಕದ ಲೆಕ್ಕ. ಬ್ರಿಟಿಷ್ ರೂಪಾಯಿಯ ತೂಕ 11.66 ಗ್ರಾಂ, ಅದರ ಹನ್ನೆರಡರಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿ. ಹಾಲಿ ರೂಪಾಯಿ ಸುಮಾರು 11.18 ಗ್ರಾಂ ತೂಗುತ್ತಿತ್ತು, ಅದರಲ್ಲಿ ಶುದ್ಧ ಬೆಳ್ಳಿ ಶೇಕಡ 82ರ ಹತ್ತಿರ. ಅಂದರೆ ಒಂದರಲ್ಲಿ ಸುಮಾರು 10.7 ಗ್ರಾಂ, ಇನ್ನೊಂದರಲ್ಲಿ ಸುಮಾರು 9.1 ಗ್ರಾಂ ಬೆಳ್ಳಿ. ಏಳಕ್ಕೆ ಆರರ ಪ್ರಮಾಣ ಇಲ್ಲಿಂದ ಬಂತು. ನಾಣ್ಯವನ್ನು ಕರಗಿಸಿದರೂ ಬೆಲೆ ಕೈಗೆ ಸಿಗುತ್ತದೆ ಎಂಬ ಧೈರ್ಯವಿದ್ದ ಹಣ ಅದು. ಕಾಗದ ಬಂದಾಗ ಕಳೆದುಹೋದದ್ದು ಈ ಧೈರ್ಯವೇ.

1918ರ ಬಿಕ್ಕಟ್ಟು

ಕಾಗದದ ಹಣ ಹೊರಡಿಸಬೇಕೆಂಬ ಯೋಚನೆ ಹೈದರಾಬಾದಿನಲ್ಲಿ ಯುದ್ಧಕ್ಕಿಂತ ಹಿಂದೆಯೇ ಇತ್ತು. ಖಾಸಗಿ ಸಾಹುಕಾರರನ್ನು ಸೇರಿಸಿ ನೋಟು ನೀಡುವ ಬ್ಯಾಂಕು ಕಟ್ಟುವ ಪ್ರಯತ್ನಗಳು ಹಲವು ಸಲ ನಡೆದವು. ಸಂಸ್ಥಾನಗಳು ನೋಟು ಹೊರಡಿಸುವುದನ್ನು ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ನಾಣ್ಯ ಟಂಕಿಸುವ ಹಕ್ಕನ್ನು ಸಹಿಸಿಕೊಂಡವರು ನೋಟಿನ ಹಕ್ಕನ್ನು ಕೊಡಲು ಹಿಂಜರಿದದ್ದು ಸಹಜ. ಬೆಳ್ಳಿಯ ನಾಣ್ಯಕ್ಕೆ ಬೆಳ್ಳಿ ಬೇಕು, ನೋಟಿಗೆ ಬೇಕಾದದ್ದು ನಂಬಿಕೆ ಮಾತ್ರ. ಆ ನಂಬಿಕೆ ನಿಜಾಮರ ಹೆಸರಿನಲ್ಲಿ ಬೆಳೆಯುವುದು ಅವರಿಗೆ ಬೇಕಿರಲಿಲ್ಲ.

ಯುದ್ಧ ಈ ಹಟವನ್ನು ಮುರಿಯಿತು. 1915ರಲ್ಲಿ ಲಂಡನ್ ಪೇಟೆಯಲ್ಲಿ ಔನ್ಸಿಗೆ ಸುಮಾರು 27 ಪೆನ್ಸ್ ಇದ್ದ ಬೆಳ್ಳಿ 1917ರ ಸೆಪ್ಟೆಂಬರ್ ವೇಳೆಗೆ 55 ಪೆನ್ಸಿಗೆ ಏರಿತು. ಬೆಳ್ಳಿ 43 ಪೆನ್ಸ್ ಮುಟ್ಟಿದರೆ ರೂಪಾಯಿಯೊಳಗಿನ ಲೋಹದ ಬೆಲೆ, ಅಂದಿನ ಒಂದು ಷಿಲಿಂಗ್ ನಾಲ್ಕು ಪೆನ್ಸ್ ವಿನಿಮಯ ದರದಲ್ಲಿ, ಅದರ ಮುಖಬೆಲೆಗೆ ಸಮವಾಗುತ್ತಿತ್ತು. ಅದನ್ನು ಮೀರಿದ ಮೇಲೆ ನಾಣ್ಯವನ್ನು ಖರ್ಚು ಮಾಡುವುದಕ್ಕಿಂತ ಕರಗಿಸುವುದೇ ಲಾಭ. ಭಾರತ ಸರ್ಕಾರ 1917ರಲ್ಲಿ ನಾಣ್ಯ ಕರಗಿಸುವುದನ್ನು ನಿಷೇಧಿಸಿತು, ಬೆಳ್ಳಿಯ ಖಾಸಗಿ ಆಮದನ್ನು ತಡೆಯಿತು ಮತ್ತು ಅದೇ ವರ್ಷ ನವೆಂಬರ್ 30ರಂದು ಒಂದು ರೂಪಾಯಿಯ ನೋಟನ್ನು ಹೊರತಂದಿತು. ಅದರ ಹಿಂದೆಯೇ ಎರಡೂವರೆ ರೂಪಾಯಿಯ ವಿಚಿತ್ರ ನೋಟೊಂದು ಬಂತು. 1918ರ ವಸಂತದಲ್ಲಿ ಯುದ್ಧರಂಗದ ಕೆಟ್ಟ ಸುದ್ದಿ ಕೇಳಿದ ಜನ ನೋಟು ಕೊಟ್ಟು ಬೆಳ್ಳಿ ಪಡೆಯಲು ಮುಗಿಬಿದ್ದರು. ಅಮೆರಿಕ ಏಪ್ರಿಲ್ 1918ರಲ್ಲಿ ‘ಪಿಟ್‌ಮನ್ ಕಾಯಿದೆ’ ಮಾಡಿ, ತನ್ನ ಬೆಳ್ಳಿ ಡಾಲರುಗಳನ್ನು ಕರಗಿಸಿ 20 ಕೋಟಿ ಔನ್ಸ್ ಬೆಳ್ಳಿಯನ್ನು ಭಾರತಕ್ಕೆ ಮಾರಿದ ಕಾರಣ ಕಲ್ಕತ್ತೆಯ ಮತ್ತು ಮುಂಬಯಿಯ ಟಂಕಸಾಲೆಗಳು ಉಳಿದುಕೊಂಡವು.

ಅದೇ ಬೆಳ್ಳಿಗಾಗಿ ಹೈದರಾಬಾದಿನ ಟಂಕಸಾಲೆಯೂ ಕಾಯುತ್ತಿತ್ತು. ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನ್ ಯುದ್ಧಕ್ಕೆ ಧಾರಾಳವಾಗಿ ಧನಸಹಾಯ ಮಾಡಿದ್ದರು. ಬೆಳ್ಳಿ ಕೊಡಲಾಗದ ಬ್ರಿಟಿಷರು ನೋಟಿನ ಹಕ್ಕನ್ನು ಕೊಟ್ಟರು. 1918ರ ಹೈದರಾಬಾದ್ ಕರೆನ್ಸಿ ಕಾಯಿದೆಯಂತೆ 10 ಮತ್ತು 100 ರೂಪಾಯಿಯ ನೋಟುಗಳು ಹೊರಬಂದವು. 1919ರಲ್ಲಿ 1 ಮತ್ತು 5 ರೂಪಾಯಿ, 1926ರಲ್ಲಿ 1000 ರೂಪಾಯಿಯ ನೋಟು ಸೇರಿದವು.

ಆ ವರ್ಷ ದಖನ್ನಿನಲ್ಲಿ ಮುಂಗಾರು ಕೈಕೊಟ್ಟಿತ್ತು, ಜೊತೆಗೆ ಇನ್‌ಫ್ಲುಯೆಂಜಾ ಊರೂರನ್ನು ಬರಿದು ಮಾಡುತ್ತಿತ್ತು. ಆಣೆಗಳಲ್ಲಿ ಕೂಲಿ ಎಣಿಸುವವನಿಗೆ ಹತ್ತು ರೂಪಾಯಿಯ ನೋಟು ಯಾವ ಕೆಲಸಕ್ಕೂ ಬರುವಂಥದಲ್ಲ. ಮೊದಲ ವರ್ಷದ ನೋಟುಗಳು ಖಜಾನೆ, ವರ್ತಕರು ಮತ್ತು ಜಾಗೀರುದಾರರ ನಡುವಿನ ವ್ಯವಹಾರಕ್ಕೆ ಹೊಂದುವಂಥವು. ಒಕ್ಕಲಿಗನ ಕೈಗೆ ಹೊಂದುವ ಕಾಗದ ಮಾರನೆಯ ವರ್ಷದ ಸಣ್ಣ ನೋಟು. ಅದರಲ್ಲಿಯೂ 1919ರ ಒಂದು ರೂಪಾಯಿಯ ನೋಟು ಇಂದು ಸಂಗ್ರಾಹಕರಿಗೂ ಅಪರೂಪ.

ಕಡಲ ತಳದಿಂದ ಬಂದ ನೋಟು

ಉಸ್ಮಾನಿಯಾ ನೋಟುಗಳನ್ನು ಮೊದಲು ಅಚ್ಚು ಹಾಕಿದ್ದು ಲಂಡನ್ನಿನ ವಾಟರ್‌ಲೋ ಆ್ಯಂಡ್ ಸನ್ಸ್ ಸಂಸ್ಥೆ. ಭಾರತದಲ್ಲಿ ನಾಸಿಕದ ಇಂಡಿಯಾ ಸೆಕ್ಯುರಿಟಿ ಪ್ರೆಸ್ ಆರಂಭವಾದ ಮೇಲೆ ಕೆಲಸ ಅಲ್ಲಿಗೆ ಬಂತು. ಮುಖ್ಯ ಬರಹ ಉರ್ದು. ನೋಟಿನ ಬೆಲೆಯನ್ನು ಮರಾಠಿ, ತೆಲುಗು, ಕನ್ನಡ ಮತ್ತು ಇಂಗ್ಲಿಷಿನಲ್ಲಿಯೂ ಬರೆಯಲಾಗುತ್ತಿತ್ತು. ಶಾಲೆ, ಕಚೇರಿ, ನ್ಯಾಯಾಲಯಗಳಲ್ಲಿ ಉರ್ದು ಮೆರೆಯುತ್ತಿದ್ದ ಸಂಸ್ಥಾನದಲ್ಲಿ ಕುಷ್ಟಗಿಯ ರೈತ ಕನ್ನಡದಲ್ಲಿ ಓದಬಹುದಾಗಿದ್ದ ಅಪರೂಪದ ಸರ್ಕಾರಿ ಕಾಗದ ಇದು. ಆಡಳಿತ ಭಾಷೆಯ ವಿಷಯದಲ್ಲಿ ತೋರದ ಔದಾರ್ಯವನ್ನು ಹಣದ ವಿಷಯದಲ್ಲಿ ತೋರಲೇಬೇಕಾಗಿತ್ತು, ಯಾಕೆಂದರೆ ಓದಲಾಗದ ಕಾಗದವನ್ನು ಯಾರೂ ಬೆಳ್ಳಿಯ ಬದಲು ಪಡೆಯಲಾರರು.

ಲಂಡನ್ನಿನಿಂದ ನೋಟು ತರಿಸುವುದರಲ್ಲಿ ಒಂದು ಅವಘಡವೂ ಸಂಭವಿಸಿತು. 1922ರ ಮೇ 20ರಂದು ಮುಂಬಯಿಗೆ ಹೊರಟಿದ್ದ ‘ಈಜಿಪ್ಟ್’ ಎಂಬ ಪಿ. ಆ್ಯಂಡ್ ಒ. ಕಂಪೆನಿಯ ಹಡಗು ಫ್ರಾನ್ಸಿನ ಪಶ್ಚಿಮ ತುದಿಯ ಬಳಿ, ಮಂಜಿನಲ್ಲಿ ‘ಸೇನ್’ ಎಂಬ ಫ್ರೆಂಚ್ ಹಡಗಿಗೆ ಡಿಕ್ಕಿಯಾಗಿ ಮುಳುಗಿತು. ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಹಡಗಿನಲ್ಲಿ ಹತ್ತು ಲಕ್ಷ ಪೌಂಡಿಗೂ ಮಿಗಿಲಾದ ಚಿನ್ನ–ಬೆಳ್ಳಿಯಿತ್ತು, ಜೊತೆಗೆ ಹೈದರಾಬಾದಿಗೆ ಸಾಗುತ್ತಿದ್ದ ನೋಟುಗಳ ಕಟ್ಟುಗಳಿದ್ದವು. ಹತ್ತು ವರ್ಷಗಳ ಬಳಿಕ, 1932ರಲ್ಲಿ, ಇಟಲಿಯ ‘ಆರ್ತಿಲ್ಯೋ’ ಹಡಗಿನ ಮುಳುಗುಗಾರರು ಸುಮಾರು 400 ಅಡಿ ಆಳದಿಂದ ಆ ಭಂಡಾರವನ್ನು ಮೇಲೆತ್ತಿದಾಗ ಚಿನ್ನದ ಗಟ್ಟಿಗಳೊಂದಿಗೆ ಈ ನೋಟುಗಳೂ ಬಂದವು. ಚಿನ್ನ ಚಿನ್ನವಾಗಿಯೇ ಉಳಿದಿತ್ತು. ನೋಟುಗಳ ಮೇಲೆ ಸಹಿ ಬಿದ್ದಿರಲಿಲ್ಲ, ಆದ್ದರಿಂದ ಅವು ಬರಿಯ ಕಾಗದ. ಸಂಗ್ರಾಹಕರ ಕೈಯಲ್ಲಿ ಅವು ಇಂದಿಗೂ ಇವೆ.

ಸಹಿ ಹಾಕುತ್ತಿದ್ದವರು ಸಂಸ್ಥಾನದ ಹಣಕಾಸು ಇಲಾಖೆಯ ಮುಖ್ಯಸ್ಥರು. ಅಕ್ಬರ್ ಹೈದರಿಯವರು ಹೈದರ್ ನವಾಜ್ ಜಂಗ್ ಎಂಬ ಬಿರುದಿನಿಂದ ಸಹಿ ಮಾಡಿದರು. 1940ರ ದಶಕದಲ್ಲಿ ಆ ಹುದ್ದೆಯಲ್ಲಿದ್ದ ಗುಲಾಂ ಮುಹಮ್ಮದ್ 1951ರಲ್ಲಿ ಪಾಕಿಸ್ತಾನದ ಗವರ್ನರ್ ಜನರಲ್ ಆದರು. ಕೊನೆಯ ಕಾಲದ ನೋಟುಗಳಲ್ಲಿ ಸ್ವಾತಂತ್ರ್ಯ ಹೋರಾಟಗಾರ ಡಾ. ಜಿ.ಎಸ್. ಮೇಲ್ಕೋಟೆಯವರ ಸಹಿ ಇದೆ. ಅವರು 1952ರ ಚುನಾಯಿತ ಸರ್ಕಾರದ ಹಣಕಾಸು ಸಚಿವರು. ನಿಜಾಮರ ಕಾಗದಕ್ಕೆ ನಿಜಾಮರ ವಿರುದ್ಧ ಹೋರಾಡಿದವರ ಸಹಿ!

ನೋಟು ಉಳಿದದ್ದೇಕೆ

ಬ್ರಿಟಿಷ್ ಭಾರತದಲ್ಲಿ ಬಿಕ್ಕಟ್ಟು ಮುಗಿದ ಮೇಲೆ 1926ರ ಜನವರಿಯಿಂದ ಒಂದು ರೂಪಾಯಿ ಮತ್ತು ಎರಡೂವರೆ ರೂಪಾಯಿಯ ನೋಟುಗಳನ್ನು ಹೊರಡಿಸುವುದು ನಿಂತಿತು. ಹೈದರಾಬಾದಿನಲ್ಲಿ ಅದೇ 1926ರಲ್ಲಿ ಸಾವಿರದ ನೋಟು ಬಂತು. ಒಬ್ಬರಿಗೆ ತುರ್ತು ಕ್ರಮವಾಗಿದ್ದದ್ದು ಇನ್ನೊಬ್ಬರಿಗೆ ಹಕ್ಕಾಗಿ ಮಾರ್ಪಟ್ಟಿತ್ತು. ಇದರಲ್ಲಿ ಲಾಭವೂ ಇತ್ತು. ಬೆಳ್ಳಿಯ ನಾಣ್ಯ ಅಚ್ಚು ಹಾಕಲು ಅಷ್ಟೇ ಬೆಳ್ಳಿ ಕೊಳ್ಳಬೇಕು. ನೋಟಿನಲ್ಲಿ ಹಾಗಲ್ಲ, ಮೀಸಲಿನ ಒಂದು ಭಾಗವನ್ನು ಬೆಳ್ಳಿಯಾಗಿಟ್ಟು, ಉಳಿದದ್ದನ್ನು ಭಾರತ ಸರ್ಕಾರದ ಸಾಲಪತ್ರಗಳಲ್ಲಿ ತೊಡಗಿಸಿ ಬಡ್ಡಿ ಪಡೆಯಬಹುದು. ಸ್ವತಂತ್ರ ಹಣವೆಂದು ಹೆಮ್ಮೆಪಟ್ಟ ಉಸ್ಮಾನಿಯಾ ಸಿಕ್ಕಾ ಹೀಗೆ ಒಳಗಿನಿಂದ ದೆಹಲಿಯ ಸಾಲಪತ್ರಗಳ ಮೇಲೆಯೇ ನಿಂತಿತ್ತು.

ಎರಡನೇ ಮಹಾಯುದ್ಧದಲ್ಲಿ ಹಳೆಯ ಕಥೆ ಮರುಕಳಿಸಿತು. ನಾಣ್ಯಗಳಲ್ಲಿ ಬೆಳ್ಳಿಯ ಅಂಶ ಎರಡೂ ಕಡೆ ಅರ್ಧಕ್ಕೆ ಇಳಿಯಿತು. ಬ್ರಿಟಿಷ್ ಭಾರತದಲ್ಲಿ 1940ರಲ್ಲಿ, ಹೈದರಾಬಾದಿನಲ್ಲಿ ಸ್ವಲ್ಪ ತಡವಾಗಿ ಒಂದು ರೂಪಾಯಿಯ ನೋಟು ಮರಳಿತು. 1942ರ ಏಪ್ರಿಲ್ 5ರಂದು ಕೆಲಸ ಆರಂಭಿಸಿದ ಹೈದರಾಬಾದ್ ಸ್ಟೇಟ್ ಬ್ಯಾಂಕಿಗೆ ನೋಟಿನ ನಿರ್ವಹಣೆಯನ್ನು ವಹಿಸಲಾಯಿತು.

1945ರ ಫೆಬ್ರುವರಿ 28ರಂದು ತುಂಗಭದ್ರಾ ಅಣೆಕಟ್ಟಿಗೆ ಎರಡು ದಂಡೆಗಳಲ್ಲಿ ಎರಡು ಅಡಿಗಲ್ಲುಗಳನ್ನು ಹಾಕಲಾಯಿತು. ಕೊಪ್ಪಳ ತಾಲ್ಲೂಕಿನ ಮುನಿರಾಬಾದ್ ಕಡೆ ಬೇರಾರಿನ ರಾಜಕುಮಾರ, ಹೊಸಪೇಟೆಯ ಕಡೆ ಮದರಾಸಿನ ಗವರ್ನರ್ ಸರ್ ಆರ್ಥರ್ ಹೋಪ್. ನೀರು ಒಂದೇ, ಗೋಡೆ ಒಂದೇ. ಎರಡು ಸರ್ಕಾರಗಳ ರೂಪಾಯಿ ಮಾತ್ರ ಬೇರೆ ಬೇರೆ.

1947–48: ಹಣಕ್ಕೂ ಬಂದ ಬೇಲಿ

ಗಡಿಯ ತಾಲ್ಲೂಕುಗಳ ಜನಕ್ಕೆ ಈ ಹಣದ ನಿಜವಾದ ಪರೀಕ್ಷೆ ಬಂದದ್ದು ಸ್ವಾತಂತ್ರ್ಯದ ನಂತರ. ಅಲ್ಲಿಯವರೆಗೆ ಹಾಲಿ ಮತ್ತು ಕಲ್ದಾರ ಎರಡೂ ಸಂತೆಯಲ್ಲಿ ಓಡಾಡುತ್ತಿದ್ದವು. ಲೆಕ್ಕ ತಿಳಿದವನಿಗೆ ನಷ್ಟವಿರಲಿಲ್ಲ, ತಿಳಿಯದವನಿಂದ ಸರಾಫ ವಟಾವು ಮುರಿದುಕೊಳ್ಳುತ್ತಿದ್ದ, ಅಷ್ಟೇ. 1947ರ ನವೆಂಬರ್ 29ರಂದು ನಿಜಾಮರು ಭಾರತದೊಂದಿಗೆ ಯಥಾಸ್ಥಿತಿ ಒಪ್ಪಂದ ಮಾಡಿಕೊಂಡರು. ಅದಾದ ಕೆಲವೇ ವಾರಗಳಲ್ಲಿ ಸಂಸ್ಥಾನ ಎರಡು ಸುಗ್ರೀವಾಜ್ಞೆಗಳನ್ನು ಹೊರಡಿಸಿತು. ಒಂದು ಬೆಲೆಬಾಳುವ ಲೋಹಗಳ ರಫ್ತಿಗೆ ತಡೆ. ಇನ್ನೊಂದು, ಹೈದರಾಬಾದಿನಲ್ಲಿ ಭಾರತದ ಹಣ ಕಾನೂನುಬದ್ಧ ಚಲಾವಣೆಯಲ್ಲವೆಂಬ ಘೋಷಣೆ. ಇದರೊಂದಿಗೆ ಪಾಕಿಸ್ತಾನಕ್ಕೆ ಭಾರತ ಸರ್ಕಾರದ ಸಾಲಪತ್ರಗಳ ರೂಪದಲ್ಲಿ 20 ಕೋಟಿ ರೂಪಾಯಿ ಸಾಲ ಕೊಟ್ಟ ಸಂಗತಿಯೂ ಬಯಲಾಯಿತು. ಭಾರತ ಸರ್ಕಾರ ಎರಡನ್ನೂ ಒಪ್ಪಂದದ ಉಲ್ಲಂಘನೆ ಎಂದು ಆಕ್ಷೇಪಿಸಿತು.

ದೆಹಲಿಗೆ ಇದು ರಾಜನೀತಿಯ ಪ್ರಶ್ನೆ. ಯಲಬುರ್ಗಾದ ರೈತನಿಗೆ ಪ್ರಶ್ನೆ ಇನ್ನೂ ಹತ್ತಿರದ್ದು. ಗದಗಿನಲ್ಲಿ ಹತ್ತಿ ಮಾರಿ ತಂದ ಕಲ್ದಾರವನ್ನು ಊರಿನಲ್ಲಿ ಪಡೆಯಲೇಬೇಕೆಂಬ ಕಟ್ಟು ಯಾರಿಗೂ ಇಲ್ಲ. ಊರಿನ ಉಸ್ಮಾನಿಯಾ ನೋಟಿಗೆ ಗದಗಿನಲ್ಲಿ ಕಾನೂನಿನ ಬೆಲೆಯಿಲ್ಲ. ಅಷ್ಟರಲ್ಲಿ ಭಾರತದ ಕಡೆಯಿಂದ ಸರಕು ಸಾಗಣೆಗೆ ಅಡ್ಡಿಗಳು ಹೆಚ್ಚಿದ್ದವು. ರಜಾಕಾರರ ಹಾವಳಿಗೆ ಹೆದರಿ ಊರು ಬಿಟ್ಟವರು ಧಾರವಾಡ, ವಿಜಾಪುರ, ಬಳ್ಳಾರಿ ಜಿಲ್ಲೆಗಳಿಗೆ ವಲಸೆ ಹೋದರು. ಗಡಿಯ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿ, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆ ಮುಂತಾದವರು ಹೋರಾಟದ ಶಿಬಿರಗಳನ್ನು ನಡೆಸಿದರು. ಹೊಲ–ಮನೆ ಬಿಟ್ಟು ಗಡಿ ದಾಟಿದವನಿಗೆ ಬೆಳ್ಳಿಯ ಒಡವೆ ಎಲ್ಲಿಯೂ ಬೆಳ್ಳಿ. ಸೊಂಟದ ಚೀಲದ ನೋಟು ಮಾತ್ರ, ಬರೆದುಕೊಟ್ಟ ಸರ್ಕಾರ ಉಳಿದರೆ ಹಣ, ಉಳಿಯದಿದ್ದರೆ ಕಾಗದ. ಆ ಹತ್ತು ತಿಂಗಳು ಆ ಪ್ರಶ್ನೆಗೆ ಯಾರಲ್ಲಿಯೂ ಉತ್ತರವಿರಲಿಲ್ಲ. ಹೈದರಾಬಾದ್ ವಿಮೋಚನೆಯ ಬರಹಗಳಲ್ಲಿ ಹೋರಾಟ, ಹಿಂಸೆ, ತ್ಯಾಗಗಳಿಗೆ ಸಿಕ್ಕ ಸ್ಥಾನ ಈ ದಿನನಿತ್ಯದ ಆತಂಕಕ್ಕೆ ಸಿಕ್ಕಿಲ್ಲ.

1948ರ ಸೆಪ್ಟೆಂಬರ್ 13ರಂದು ಆರಂಭವಾದ ಪೊಲೀಸ್ ಕಾರ್ಯಾಚರಣೆ 17ರಂದು ನಿಜಾಮರ ಶರಣಾಗತಿಯೊಂದಿಗೆ ಮುಗಿಯಿತು. ಹೊಸ ಆಡಳಿತ ಉಸ್ಮಾನಿಯಾ ನೋಟನ್ನು ಒಮ್ಮೆಲೇ ರದ್ದು ಮಾಡಲಿಲ್ಲ. ಅದು ವಿವೇಕದ ನಿರ್ಧಾರವೇ ಸರಿ. ಹಾಗೆ ಮಾಡಿದ್ದರೆ ಪೆಟ್ಟು ಬೀಳುತ್ತಿದ್ದದ್ದು ನಿಜಾಮರಿಗಲ್ಲ.

ನಿಧಾನವಾದ ವಿದಾಯ

1949ರ ಆಗಸ್ಟಿನಲ್ಲಿ ಜಾಗೀರುಗಳು ರದ್ದಾದವು, ಕೊಪ್ಪಳ–ಯಲಬುರ್ಗಾಗಳು ಸಾಲಾರ್ ಜಂಗ್ ಎಸ್ಟೇಟಿನ ಕೈಯಿಂದ ಬಿಡುಗಡೆ ಪಡೆದವು. 1950ರಲ್ಲಿ ಭಾರತದ ರೂಪಾಯಿ ಹೈದರಾಬಾದಿನಲ್ಲಿ ಅಧಿಕೃತವಾಗಿ ಬಂತು. ನಾಣ್ಯ–ನೋಟಿನ ಅಧಿಕಾರ ಕೇಂದ್ರಕ್ಕೆ ಸೇರಿತು. ಭಾರತ ಒಕ್ಕೂಟವನ್ನು ಸೇರಿದ ಮೇಲೆಯೂ ಸ್ವಂತ ನೋಟು ಚಲಾವಣೆಯಲ್ಲಿ ಉಳಿಸಿಕೊಂಡ ಸಂಸ್ಥಾನ ಇದೊಂದೇ. 7 ಹಾಲಿಗೆ 6 ಭಾರತೀಯ ರೂಪಾಯಿ ಎಂಬ ಹಳೆಯ ದರವೇ ಮುಂದುವರಿಯಿತು. ಹತ್ತರ ಉಸ್ಮಾನಿಯಾ ನೋಟಿಗೆ 8 ರೂಪಾಯಿ 9 ಆಣೆ ಚಿಲ್ಲರೆ. ಹಂತ ಹಂತವಾಗಿ ನೋಟುಗಳನ್ನು ಹಿಂತೆಗೆಯಲಾಯಿತು, ಆ ದಶಕ ಮುಗಿಯುವಷ್ಟರಲ್ಲಿ ಅವುಗಳ ಚಲಾವಣೆ ಪೂರ್ಣವಾಗಿ ನಿಂತಿತು.

ಈ ನಡುವೆ 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, 1957ರ ಏಪ್ರಿಲ್‌ನಲ್ಲಿ ನಯಾಪೈಸೆ ಬಂತು. ಹತ್ತು ವರ್ಷಗಳ ಒಳಗೆ ಈ ತಾಲ್ಲೂಕುಗಳ ಜನ ಹಾಲಿಯಿಂದ ಕಲ್ದಾರಕ್ಕೆ, ಆಣೆಯಿಂದ ಪೈಸೆಗೆ, ಎರಡು ಸಲ ಲೆಕ್ಕ ಕಲಿತರು. ಅದೇ 1956ರಲ್ಲಿ ರಿಸರ್ವ್ ಬ್ಯಾಂಕಿನ ಅಧೀನಕ್ಕೆ ಬಂದ ಹೈದರಾಬಾದ್ ಸ್ಟೇಟ್ ಬ್ಯಾಂಕು ‘ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್’ ಎಂಬ ಹೆಸರು ಪಡೆಯಿತು ಮತ್ತು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ನಾಲ್ಕು ತಾಲ್ಲೂಕುಗಳು 1997ರಲ್ಲಿ ಕೊಪ್ಪಳ ಜಿಲ್ಲೆಯಾದವು. ಬಳಿಕ ಕುಕನೂರು, ಕನಕಗಿರಿ, ಕಾರಟಗಿಗಳೂ ತಾಲ್ಲೂಕುಗಳಾಗಿವೆ.

ಹಳೆಯ ಕಾಗದಪತ್ರ ಓದುವವರಿಗೆ

ಮನೆಯ ಟ್ರಂಕಿನಲ್ಲಿ ಉಸ್ಮಾನಿಯಾ ನೋಟು ಸಿಕ್ಕರೆ ಅದನ್ನು ಯಾವ ಬ್ಯಾಂಕೂ ಬದಲಿಸಿಕೊಡದು, ಅದಕ್ಕಿರುವುದು ಸಂಗ್ರಾಹಕರ ಬೆಲೆ. ಹೆಚ್ಚು ಕೆಲಸಕ್ಕೆ ಬರುವುದು ಹಳೆಯ ಅಡವು, ಕ್ರಯ, ಸಾಲದ ಪತ್ರಗಳಲ್ಲಿ ರೂಪಾಯಿ ಯಾವುದು ಎಂಬ ತಿಳಿವಳಿಕೆ. ‘ಹಾಲಿ’, ‘ಸಿಕ್ಕಾ ಉಸ್ಮಾನಿಯಾ’ ಎಂದಿದ್ದರೆ, ಇಂಗ್ಲಿಷ್ ಪತ್ರಗಳಲ್ಲಿ ‘ಒ.ಎಸ್.’ ಎಂದಿದ್ದರೆ, ಅದು ನಿಜಾಮರ ರೂಪಾಯಿ. ‘ಕಲ್ದಾರ’, ‘ಬಿ.ಜಿ.’ ಅಥವಾ ‘ಐ.ಜಿ.’ ಎಂದಿದ್ದರೆ ಬ್ರಿಟಿಷ್ ಇಲ್ಲವೆ ಭಾರತ ಸರ್ಕಾರದ್ದು. ವರ್ಷ ಫಸಲಿಯಲ್ಲಿದ್ದರೆ 590 ಅಥವಾ 591 ಕೂಡಿಸಬೇಕು, ಯಾಕೆಂದರೆ ಸಂಸ್ಥಾನದ ಫಸಲಿ ವರ್ಷ ಅಕ್ಟೋಬರ್‌ನಲ್ಲಿ ಆರಂಭವಾಗುತ್ತಿತ್ತು. ಫಸಲಿ 1340ರಲ್ಲಿ 700 ರೂಪಾಯಿ ಹಾಲಿಗೆ ಹೊಲ ಅಡವಿಟ್ಟ ಪತ್ರವೆಂದರೆ, 1930–31ರಲ್ಲಿ 600 ಕಲ್ದಾರ ರೂಪಾಯಿಯ ಸಾಲ.